ವೈನಿಯ ಹೋಳಿಗೆ ವಿಡಿಯೊ, ನಾನು ಅಳಿಸಿದ ಕ್ಲಿಪ್ಪುಗಳು

ತಿಕೋಟಾದ ನಮ್ಮ ಮನೆಯಲ್ಲಿ ಒಂದು ರೂಢಿ. ಮಣೂಕ, ಅಂದರೆ ಒಣದ್ರಾಕ್ಷಿ, ಪೆಟ್ಟಿಗೆ ಸೇರಿತೋ ಇಲ್ಲವೋ, ಒಣಹಾಕಿದ ಶೆಡ್ಡನ್ನು ಅಂದೇ ಗುಡಿಸಿ ತೊಳೆಯಬೇಕು. ಒಂದು ಕಡ್ಡಿ ಉಳಿದರೂ ಅಣ್ಣ ಮುಖ ಗಂಟಿಕ್ಕುತ್ತಾನೆ. ಮಾಲು ಪೆಟ್ಟಿಗೆಯೊಳಗಿದೆ, ಹೊರಗಿರುವುದೆಲ್ಲ ಕಸ ಎನ್ನುವುದು ಅವನ ವಾದ. ಆ ಶಿಸ್ತನ್ನು ನಾನು ಕಂಪ್ಯೂಟರಿಗೂ ತಂದೆ. ತಂದು ಕೆಟ್ಟೆ.

ನನ್ನ ನೌಕರಿ ವಿಜಯಪುರದ ಗಾಂಧಿ ಚೌಕದ ಹತ್ತಿರ, ಬಟ್ಟೆ ಅಂಗಡಿಯಲ್ಲಿ. ಹೊಸ ಸೀರೆಗಳ ವಿಡಿಯೊ ಜೋಡಿಸುತ್ತ ಜೋಡಿಸುತ್ತ ಎಡಿಟಿಂಗ್ ಕಲಿತೆ. ಕಲಿತದ್ದು ಬೊಗಸೆಯಷ್ಟು, ಬಡಾಯಿ ಮಾತ್ರ ಕೊಳಗದಷ್ಟು. ಊರಿಗೆ ಹೋದಾಗಲೆಲ್ಲ ಲ್ಯಾಪ್‌ಟಾಪ್ ತೆರೆದು ಕುಳಿತು, ಯಾರಾದರೂ ಏನು ಮಾಡುತ್ತಿದ್ದೀ ಎಂದು ಕೇಳಲಿ ಎಂದು ಕಾಯುತ್ತಿದ್ದೆ.

ಹೋದ ವರ್ಷ ಕೇಳಿದವರು ವೈನಿ, ಅಣ್ಣನ ಹೆಂಡತಿ. ಅವರ ತವರು ನಿಡೋಣಿ. ಅಲ್ಲಿರುವ ಅವರ ತಾಯಿಯ ಕಣ್ಣು ಪೂರ್ತಿ ಮಂಜಾಗಿವೆ. ಮಣೂಕದ ಹಂಗಾಮು ಮುಗಿಯುವವರೆಗೆ ವೈನಿ ತವರಿಗೆ ಹೋಗುವಂತಿಲ್ಲ. ದಿನಾ ಫೋನು ಮಾಡುತ್ತಾರೆ, ಆದರೆ ಗುಳಿಗೆ ತಗೊಂಡ್ಯಾ ಎನ್ನುವಷ್ಟರಲ್ಲಿ ಶೆಡ್ಡಿನಿಂದ ಯಾರೋ ಕೂಗುತ್ತಾರೆ.

"ನಾ ಶೇಂಗಾ ಹೋಳಿಗಿ ಮಾಡ್ಕೋತ ಅವ್ವನ ಜೋಡಿ ಮಾತಾಡ್ತೀನಿ. ಅದನ್ನ ವಿಡಿಯೊ ಮಾಡಿ ಕೊಡು," ಎಂದರು. "ಮನ್ಯಾಗಿನವರು ನೋಡ್ತಾರ, ಅವ್ವ ಕೇಳ್ತಾಳ. ಬೇಕಂದಾಗ ಹಚ್ಚಿಸ್ಕೊಂಡು ಕೇಳ್ತಾಳ."

ಒಂದು ಭಾನುವಾರ ಹಿಟ್ಟಿನ ಡಬ್ಬಿಗೆ ಮೊಬೈಲು ಆನಿಸಿ ಶೂಟಿಂಗ್ ಮಾಡಿದೆ. ವೈನಿ ಲಟ್ಟಿಸುತ್ತ ಹೆಚ್ಚುಕಡಿಮೆ ಮುಕ್ಕಾಲು ತಾಸು ಮಾತಾಡಿದರು. ನಡುವೆ ಒಂದು ಕಡೆ ದನಿ ಇಳಿಸಿ ಹೇಳಿದರು: ಮದುವೆಯಾಗಿ ಬಂದ ಮೊದಲ ಹೋಳಿ ಹುಣ್ಣಿಮೆಗೆ ಮಾಡಿದ ಹೋಳಿಗೆಗಳು ಹಂಚಿನ ಮೇಲೆ ಹರಿದವಂತೆ. ಯಾರಿಗೂ ಗೊತ್ತಾಗದಿರಲೆಂದು ಹರಿದವನ್ನೆಲ್ಲ ಹಿತ್ತಲಲ್ಲಿ ನಿಂತು ತಾವೇ ತಿಂದು, ಎಲ್ಲರೂ ಬಾಯಿ ಚಪ್ಪರಿಸಿ ತಿಂದರು ಎಂದು ತಾಯಿಗೆ ಫೋನಿನಲ್ಲಿ ಸುಳ್ಳು ಹೇಳಿದ್ದರಂತೆ.

ಎಡಿಟಿಂಗಿಗೆ ಕುಳಿತಾಗ ನನಗೆ ಮಾತು ಉದ್ದವೆನಿಸಿತು. ಯಾರಿಗಾಗಿ ಮಾಡುತ್ತಿದ್ದೇನೆ ಎನ್ನುವುದು ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ. ಮಾತೆಲ್ಲ ಕತ್ತರಿಸಿ, ಲಟ್ಟಿಸುವ ಕೈಗಳನ್ನಷ್ಟೇ ಉಳಿಸಿ, ಹಿಂದೆ ಕೊಳಲು ಹಾಕಿದೆ. ನಾಲ್ಕು ನಿಮಿಷದ ಚೆಂದದ ವಿಡಿಯೊ! ಎಡಿಟಿಂಗಿನ ಪ್ರಾಜೆಕ್ಟ್ ಫೈಲು ಸೇವ್ ಮಾಡಿದೆ. ಆಮೇಲೆ ನಮ್ಮ ಮನೆಯ ರೂಢಿಯಂತೆ ಶೆಡ್ಡು ತೊಳೆದೆ. ಮೊಬೈಲಿನ ಕ್ಲಿಪ್ಪು, ಲ್ಯಾಪ್‌ಟಾಪಿನ ಕ್ಲಿಪ್ಪು, ಕೊನೆಗೆ ರೀಸೈಕಲ್ ಬಿನ್ನು, ಎಲ್ಲ ಖಾಲಿ.

ವಿಡಿಯೊ ಹಿಡಿದು ಬಬಲೇಶ್ವರದ ಮೇಲೆ ಹಾದು ನಿಡೋಣಿಗೆ ಹೋದೆ. ಆಯಿ, ಅಂದರೆ ವೈನಿಯ ತಾಯಿ, ಮೊಬೈಲಿನತ್ತ ಕಿವಿ ವಾಲಿಸಿ ಕೊಳಲನ್ನು ಭಕ್ತಿಯಿಂದ ಕೇಳಿದರು.

"ಛಲೋ ಐತಿ ತಮ್ಮಾ," ಎಂದರು. "ನನ್ನ ಮಗಳು ಯಾವಾಗ ಮಾತಾಡ್ತಾಳ?"

ಅಷ್ಟರಲ್ಲಿ ವಿಡಿಯೊ ಮುಗಿದೇಹೋಗಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅದು ಇನ್ನೊಂದು ವಿಡಿಯೊದಾಗ ಐತ್ರಿ ಆಯಿ, ಎಂದು ಸುಳ್ಳು ಹೇಳಿ ಎದ್ದೆ.

ಸುಳ್ಳೇನೂ ಅಲ್ಲ, ಪ್ರಾಜೆಕ್ಟ್ ಇದೆಯಲ್ಲ, ಅದರಿಂದ ಮಾತು ವಾಪಸು ತೆಗೆದರಾಯಿತು ಎಂದುಕೊಂಡೇ ಊರು ಮುಟ್ಟಿದೆ. ತೆರೆದರೆ ಪರದೆಯ ತುಂಬ ಕೆಂಪು. ಫೈಲು ಸಿಗುತ್ತಿಲ್ಲ, ಎಲ್ಲಿಟ್ಟಿದ್ದೀಯ ತೋರಿಸು ಎನ್ನುತ್ತಿತ್ತು. ಪ್ರಾಜೆಕ್ಟ್ ಫೈಲಿನಲ್ಲಿ ಚಿತ್ರವೂ ಇರುವುದಿಲ್ಲ, ದನಿಯೂ ಇರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆಗಲೇ. ಯಾವ ಕ್ಲಿಪ್ಪು ಎಲ್ಲಿದೆ, ಎಲ್ಲಿಂದ ಎಲ್ಲಿಯವರೆಗೆ ಬೇಕು ಎಂದು ಅದು ಬರೆದಿಟ್ಟುಕೊಂಡಿರುತ್ತದೆ, ಅಷ್ಟೆ. ಬೀಗರ ಮನೆಯ ವಿಳಾಸದ ಚೀಟಿ ಜೋಪಾನವಾಗಿಟ್ಟು ನಾನು ಮನೆಯನ್ನೇ ಕೆಡವಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ವೈನಿಗೆ ಹೇಳಿದೆ. ಅವರು ಬೈಯಲಿಲ್ಲ. "ನಾ ಮಾತಾಡಾಕ ಕುಂತಿದ್ದೆ, ಕೈ ತೋರ್ಸಾಕಲ್ಲ," ಎಂದು ಒಳಗೆ ಹೋದರು. ಎರಡು ದಿನ ಚಹಾದ ಕಪ್ಪು ನನ್ನ ಮುಂದೆ ಕುಟ್ಟಿದ ಹಾಗೆ ಬಂದು ಕೂರುತ್ತಿತ್ತು. ಮೂರನೆಯ ದಿನ ತಾವಾಗಿಯೇ ಹೂರಣ ರುಬ್ಬಿಕೊಂಡು ಬಂದು ಕುಳಿತರು. ಮತ್ತೆ ಎಲ್ಲ ಹೇಳಿದರು. ಹೋಳಿಗೆ ಹರಿದದ್ದೊಂದು ಬಿಟ್ಟು.

"ಅದನ್ನೂ ಹೇಳ್ರಿ ವೈನಿ," ಎಂದೆ.

"ಅವತ್ತ ತಾನ ಬಾಯಿಗೆ ಬಂದಿತ್ತು. ಈಗ ಹೇಳಂದ್ರ ನಾಚಿಗಿ ಬರ್ತೈತಿ. ನೀನ ಕಳದಿ, ನೀನ ಹೋಗಿ ಹೇಳು."

ಒಂದು ಉಸಿರನ್ನೂ ಕತ್ತರಿಸದೆ ಆ ವಿಡಿಯೊ ತೆಗೆದುಕೊಂಡು ಮತ್ತೆ ನಿಡೋಣಿಗೆ ಹೋದೆ. ಆಯಿ ಮಗಳ ಮಾತು ಮಾತಿಗೂ ಹೂಂಗುಟ್ಟಿದರು. "ಬೆಲ್ಲ ಕಡಿಮಿ ಆತು ಬೇ," ಎಂದು ಮೊಬೈಲನ್ನೇ ಗದರಿದರು. ನಗುತ್ತ ನಗುತ್ತ ಎರಡು ಸಲ ಹಚ್ಚಿಸಿಕೊಂಡರು.

ಆಮೇಲೆ ನಾನು ಬಾಯಿ ಬಿಟ್ಟೆ. ವೈನಿ ಹೇಳಿದ ಹಾಗೆ ಹೇಳಲು ನನಗೆ ಬರಲಿಲ್ಲ. ಆ ಇಳಿದ ದನಿಯನ್ನು ಎಲ್ಲಿಂದ ತರಲಿ? ಹಿತ್ತಲು, ಹರಿದ ಹೋಳಿಗೆ, ಫೋನಿನಲ್ಲಿ ಹೇಳಿದ ಸುಳ್ಳು ಎಂದು ತಡವರಿಸಿ ಮುಗಿಸಿದೆ.

ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಎಲ್ಲಾ ಒಬ್ಬಾಕೀನ ತಿಂದ್ಳಾ?"

"ಹೂಂ ರಿ ಆಯಿ."

ಕೈ ಚಾಚಿ ನನ್ನ ಮೊಬೈಲು ಹುಡುಕಿದರು.

"ಆಕೀಗೆ ಫೋನ ಹಚ್ಚು ಯಪ್ಪಾ. ಈ ಮನೀಗೆ ಬಂದಾಗ ನಾನೂ ಹಂಗ ತಿಂದಿದ್ದೆ. ಆಕೀಗೆ ಒಂದಿನಾನೂ ಹೇಳಿಲ್ಲ."