ಮೈಮುನಾಳ ಉಗುರು

ಎರಡನೇ ಮಹಾಯುದ್ಧದ ದಿನಗಳಲ್ಲಿ ಹುಬ್ಬಳ್ಳಿಯ ಒಂದು ಶೆಡ್ಡಿಗೆ ಬಟ್ಟೆಯ ಹೊದಿಕೆ ಬಿಚ್ಚಿದ ಹಳೆಯ ವಿಮಾನ ದುರಸ್ತಿಗೆ ಬಂತು. ಪ್ರೈಮರ್ ಎಂಬ ಅಡಿಬಣ್ಣ ಬಳಿಯುವ ಮೊದಲು ಅದರ ಉಕ್ಕಿನ ಕೊಳವೆಗಳ ತುಕ್ಕು ತೆಗೆಯುವ ಕೆಲಸ ಕಲಾಯಿಗಾರರ ಮನೆಯ ಮೈಮುನಾಳದು. ಅವಳು ಚೌಕಟ್ಟಿನೊಳಗೆ ಅಂಗಾತ ಮಲಗಿ ಮರಳುಕಾಗದದಿಂದ ಮೆಲ್ಲಗೆ ಉಜ್ಜುತ್ತಿದ್ದಳು. ಕೆಂಪು ಪುಡಿ ಬಿಸಿಲಿನಲ್ಲಿ ತೇಲುತ್ತಿತ್ತು. ಕಣ್ಣು ಅರೆಮುಚ್ಚಿದರೆ ಉಣಕಲ್ ಕೆರೆ ಎಲ್ಲೋ ಕೆಳಗೆ ಹೊಳೆದಂತೆ, ತಾನು ಹಾರುತ್ತಿರುವಂತೆ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಹಾಗೆಯೇ ತೇಲುತ್ತಿದ್ದಾಗ, ಹೊಳಪು ಬಂದ ಕೊಳವೆಯ ಗುಳಿಯೊಂದಕ್ಕೆ ಅವಳ ಉಗುರು ಸಿಕ್ಕಿಕೊಂಡಿತು. ಅಷ್ಟರಲ್ಲಿ ಬಣ್ಣದ ಶಾಂತಯ್ಯ ಕುಂಚ ಹಿಡಿದು ಬಂದ.

"ತಡೀರಿ, ಇದು ಮ್ಯಾಲಿನ ತುಕ್ಕಲ್ರಿ. ಕೊಳವಿ ಒಳಗ ತಿಂದೈತಿ," ಎಂದಳು ಮೈಮುನಾ.

ಶಾಂತಯ್ಯ ಮುಟ್ಟಿ ನೋಡಿದ. "ಖರೇ ಐತಿ," ಎಂದು ಮೇಸ್ತ್ರಿಯನ್ನು ಕರೆದ. ಆ ಕೊಳವೆಯನ್ನು ಬದಲಾಯಿಸಿದರು.

ಆ ವಿಮಾನ ಹಾರಿದ್ದನ್ನು ಅವಳು ನೋಡಲಿಲ್ಲ. ಆದರೆ ಆಕಾಶದಲ್ಲಿ ಸದ್ದಾದರೆ ಸಾಕು, ಅಂಗಳಕ್ಕೆ ಓಡುತ್ತಿದ್ದಳು. ಒಳಗೆ ರೊಟ್ಟಿ ಸೀಯುತ್ತಿತ್ತು.