ನಮ್ಮವರ ಪರವಾಗಿ ನಾನೇ

ಯಾರದಾದರೂ ಮನೆಗೆ ಊಟಕ್ಕೆ ಹೋದಾಗ, ಸೌಟು ಹಿಡಿದು ಬಂದ ಮನೆಯಾಕೆ ನಮ್ಮವರ ತಟ್ಟೆಯ ಮೇಲೆ ಬಾಗಿ, "ಅಂಕಲ್, ಇನ್ನೊಂಚೂರು ಪಲ್ಯ ಹಾಕ್ಲಾ?" ಎಂದು ಕೇಳಿದರೆ, "ಬೇಡಮ್ಮಾ, ಅವರಿಗೆ ಬದನೆಕಾಯಿ ಅಷ್ಟಕ್ಕಷ್ಟೆ" ಎಂಬ ಉತ್ತರ ಎದುರು ಸಾಲಿನಿಂದ, ಅಂದರೆ ನನ್ನ ಬಾಯಿಂದ, ಬರುತ್ತದೆ. ಇದರಲ್ಲಿ ವಿಶೇಷವೇನೂ ಇಲ್ಲವೆಂದೇ ಇಪ್ಪತ್ತೇಳು ವರ್ಷ ನಂಬಿಕೊಂಡಿದ್ದೆ. ನೀವೇ ಗಮನಿಸಿ ನೋಡಿ, ಈ ಪರದೇಶದಲ್ಲಿ ನಾವು ನೆಲೆಸಿರುವ ಕ್ಯಾಂಟನ್ ಊರಿನ ಯಾವ ಕನ್ನಡದವರ ಮನೆಯ ಔತಣದಲ್ಲಾದರೂ ಸರಿ, ಗಂಡಸರ ಸಕ್ಕರೆ ಕಾಯಿಲೆ, ಮಂಡಿನೋವು, ರಜೆಯ ಲಭ್ಯತೆ ಇತ್ಯಾದಿ ಗಹನ ವಿಚಾರಗಳ ಅಧಿಕೃತ ವಕ್ತಾರರು ಅವರವರ ಹೆಂಡತಿಯರೇ. ಆದರೆ ಉಳಿದವರು ಕೇಳಿದಾಗ ಉತ್ತರಿಸುವ ವಕ್ತಾರರಾದರೆ, ನಾನು ಒಂದು ಹೆಜ್ಜೆ ಮುಂದೆ. ನಮ್ಮವರು ಆರಂಭಿಸಿದ ವಾಕ್ಯವನ್ನು ನಡುದಾರಿಯಲ್ಲೇ ಎತ್ತಿಕೊಂಡು, ಕರ್ಮ ಕೂಡಿಸಿ, ಕ್ರಿಯಾಪದ ಹಚ್ಚಿ, ಮುಗಿಸಿಕೊಡುವ ಸೇವೆಯನ್ನು ಯಾವ ಫಲಾಪೇಕ್ಷೆಯೂ ಇಲ್ಲದೆ ನಡೆಸಿಕೊಂಡು ಬಂದವಳು.

ನಮ್ಮವರು, ಅಂದರೆ ಶ್ರೀಧರ, ಹತ್ತಿರದ ಟ್ರಾಯ್ ಊರಿನಲ್ಲಿ ಕಾರಿನ ಬಿಡಿಭಾಗಗಳ ಒಂದು ಕಂಪನಿಯಲ್ಲಿ ಇಂಜಿನಿಯರು. ಅವರ ಉದ್ಯೋಗವೇ ಸದ್ದಡಗಿಸುವುದು. ಕಾರು ಎಪ್ಪತ್ತು ಮೈಲಿ ವೇಗದಲ್ಲಿ ಓಡುವಾಗ ಬಾಗಿಲ ಸಂದಿಯಲ್ಲಿ ಗಾಳಿ ಸಿಳ್ಳೆ ಹೊಡೆಯದಂತೆ, ಸೀಟು ಕಿರುಗುಟ್ಟದಂತೆ ನೋಡಿಕೊಳ್ಳುವ ಈ ನಿಶ್ಶಬ್ದೋಪಾಸಕರಿಗೆ ಮೈಸೂರಿನ ಹಿರಿಯರು ಹುಡುಕಿ ಹುಡುಕಿ ನನ್ನನ್ನು ಗಂಟುಹಾಕಿದ್ದು ವಿಧಿಯ ವಿನೋದವೆಂದೇ ಹೇಳಬೇಕು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಬೆಳ್ಳಿಯನ್ನೆಲ್ಲ ನಾನಿಟ್ಟುಕೊಂಡು ಬಂಗಾರವನ್ನು ಪೂರ್ತಿ ಅವರಿಗೇ ಬಿಟ್ಟುಕೊಟ್ಟಿದ್ದೇನೆಂಬ ಔದಾರ್ಯದ ಹೆಮ್ಮೆ ನನಗಿತ್ತು. ಕಾರಿನಲ್ಲಿ ನಾಲ್ಕು ಗಂಟೆ ದೂರದ ಲಿಸ್ಲ್‌ನಲ್ಲಿ ಕೆಲಸದಲ್ಲಿರುವ ಮಗಳು ಮೇಧಾ ಭಾನುವಾರದ ವಿಡಿಯೋ ಕಾಲ್‌ನಲ್ಲಿ "ಅಪ್ಪಾ, ಹೌ ಆರ್ ಯೂ?" ಎಂದರೆ, "ಚೆನ್ನಾಗಿದಾರೆ ಕಣೇ, ಸ್ವಲ್ಪ ಶೀತ ಅಷ್ಟೆ" ಎನ್ನುತ್ತಿದ್ದವಳು ನಾನು. "ಅಮ್ಮಾ, ಲೆಟ್ ಹಿಮ್ ಆನ್ಸರ್!" ಎಂದು ಅವಳು ಚೀರುತ್ತಿದ್ದಳು. ಪರದೆಯ ಮೂಲೆಯಲ್ಲಿ ಅರ್ಧ ಮಾತ್ರ ಕಾಣುತ್ತಿದ್ದ ಮುಖದಲ್ಲೇ ಅವರು ನಗುತ್ತಿದ್ದರು.

ಈಚಿನ ಒಂದು ವರ್ಷದಲ್ಲಂತೂ ಅವರು ಇನ್ನಷ್ಟು ಪರಿಪಕ್ವರಾಗಿದ್ದರು. ನಾನೇನು ಹೇಳಿದರೂ "ಹೂಂ". ಅಡುಗೆಮನೆಗೆ ಹಳದಿ ಬಣ್ಣ ಹೊಡೆಸೋಣವೇ ಎಂದರೆ ಹೂಂ. ಬಣ್ಣ ಹೊಡೆಸಿದ ಸಂಜೆ ಕೆಲಸದಿಂದ ಬಂದವರು ಬಾಗಿಲಲ್ಲೇ ನಿಂತು, ಯಾರದೋ ಮನೆಗೆ ತಪ್ಪಿ ಬಂದವರ ಹಾಗೆ ಗೋಡೆ ನೋಡಿದರು. ನಾನದನ್ನು ಮೆಚ್ಚುಗೆ ಎಂದುಕೊಂಡೆ. ದೇವಸ್ಥಾನದ ಅಡುಗೆಮನೆಯಲ್ಲಿ ಪುಳಿಯೋಗರೆ ಕಲೆಸುತ್ತಾ, "ನಮ್ಮೋರು ನನ್ನ ಮಾತು ಮೀರೋದೇ ಇಲ್ಲ ಕಣ್ರೀ" ಎಂದು ಜಂಬ ಕೊಚ್ಚಿಕೊಂಡದ್ದುಂಟು. ಸಿಟ್ಟು ಬಂದ ದಿನ, ಹೇಳಿದ ಸಾಮಾನು ತಾರದೆ ಕೈಬೀಸಿಕೊಂಡು ಬಂದಾಗ, "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ" ಎಂದು ಅವರೆದುರೇ ಗೊಣಗಿದ್ದೂ ಉಂಟು. ಆ ಗೊಣಗಾಟಕ್ಕೂ ಅವರು ಹೂಂ ಎಂದಿದ್ದರು.

ನಮ್ಮ ಕಡೆಯ ಕನ್ನಡಿಗರು ಪ್ರವಾಸ ಹೋಗುವುದೆಂದರೆ ನಾಲ್ಕು ಕುಟುಂಬ, ಮೂರು ವ್ಯಾನು, ಎರಡು ಕುಕ್ಕರು. ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಹೆಂಗಸರು, ಹೊರಗೆ ಮರದ ಜಗಲಿಯಂಥ ಡೆಕ್ಕಿನ ಮೇಲೆ ಗಂಡಸರು, ಊಟವಾದ ಮೇಲೆ ಅಂತ್ಯಾಕ್ಷರಿ. ಗಂಡ ಹೆಂಡತಿ ಪರಸ್ಪರ ಮುಖ ನೋಡುವುದು ಕಡೆಯ ದಿನ ಸೂಟ್‌ಕೇಸಿನ ಬೀಗದಕೈ ಹುಡುಕುವಾಗ. ಈ ಸಲದ ಅಕ್ಟೋಬರಿನಲ್ಲಿ ಮಾತ್ರ ಮೇಧಾಳ ಒತ್ತಾಯಕ್ಕೆ ನಾವಿಬ್ಬರೇ ಹೊರಟೆವು. ನೆದರ್‌ಲ್ಯಾಂಡ್ಸಿನ ಉತ್ತರದಂಚಿನಿಂದ ಮುಕ್ಕಾಲು ಗಂಟೆ ಹಡಗಿನಲ್ಲಿ ಕೂತು ತಲುಪಬೇಕಾದ ಸ್ಖೀರ್ಮೊನಿಕೋಖ್ ಎಂಬ ಪುಟ್ಟ ದ್ವೀಪ. ಹೆಸರು ಸರಿಯಾಗಿ ಬರೆದೆನೆಂದು ನನಗೇ ನಂಬಿಕೆಯಿಲ್ಲ; ಗಂಟಲಿಗೆ ಅವಲಕ್ಕಿ ಸಿಕ್ಕವರ ಹಾಗೆ ಕ್ಯಾಕರಿಸಿದರೆ ಅರ್ಧ ಉಚ್ಚಾರಣೆ ಬಂದಂತೆ. ಅಲ್ಲಿರುವುದು ಒಂದೇ ಊರು, ಒಂದು ಕೆಂಪು ದೀಪಸ್ತಂಭ, ಲೆಕ್ಕವಿಲ್ಲದಷ್ಟು ಹಕ್ಕಿ.

ಮೊದಲ ಆಘಾತ ಹಡಗಿನಿಂದಿಳಿದ ಕೂಡಲೇ ಆಯಿತು. ಪ್ರವಾಸಿಗರು ಅಲ್ಲಿಗೆ ಕಾರು ತರುವಂತಿಲ್ಲ. ಹಾಲಿನ ಕ್ಯಾನು ತರುವುದಕ್ಕೂ ಕಾರು ಹತ್ತುವ, ಪಕ್ಕದ ಬಡಾವಣೆಯ ವರಮಹಾಲಕ್ಷ್ಮಿಗೂ ಕಾರಿನಲ್ಲೇ ದಯಮಾಡಿಸುವ ನನ್ನಂಥವಳಿಗೆ, ಕಾಲು ಎನ್ನುವುದು ಅಂಗವೇ ಹೊರತು ವಾಹನವಲ್ಲ. ಎರಡನೆಯ ಆಘಾತ ಊರೊಳಗೆ. ರಸ್ತೆ ಬದಿಯ ಮನೆಗಳ ದೊಡ್ಡ ದೊಡ್ಡ ಕಿಟಕಿಗಳಿಗೆ ಪರದೆಯೇ ಇಲ್ಲ. ಒಳಗೆ ಜನ ಸೂಪು ಕುಡಿಯುವುದು, ಆಕಳಿಸುವುದು, ಎಲ್ಲವೂ ಹಾದುಹೋಗುವವರಿಗೆ ಧಾರಾಳ ದರ್ಶನ. "ಅಯ್ಯೋ ರಾಮ, ನೋಡ್ರೀ, ಇವರಿಗೆ ಮುಚ್ಚುಮರೆ ಅನ್ನೋದೇ ಇಲ್ವಲ್ಲ!" ಎಂದೆ. ಅವರು ಹೂಂ ಎಂದು ಆಕಾಶದಲ್ಲಿ ಹೋಗುತ್ತಿದ್ದ ಹೆಬ್ಬಾತುಗಳನ್ನು ನೋಡಿದರು. ಬೇರೆ ಯಾರೂ ಸಿಕ್ಕದ್ದರಿಂದ ಎರಡು ದಿನ, ಎಂಟು ಜನರಿಗೆ ಹಂಚಬೇಕಾದ ಮಾತನ್ನು ಅವರೊಬ್ಬರಿಗೇ ಬಡಿಸಿದೆ.

ಮೂರನೆಯ ದಿನ ಬೆಳಿಗ್ಗೆ ಊರಾಚೆಯ ಕಡಲ ಒಡ್ಡಿನ ಮೇಲೆ ಬೆಂಚಿನಲ್ಲಿ ಕೂತಿದ್ದೆವು. ಇಳಿತದ ಹೊತ್ತು. ಸಮುದ್ರ ಎದ್ದು ಎಲ್ಲಿಗೋ ಹೊರಟುಹೋಗಿತ್ತು. ಕಣ್ಣು ಹಾಯುವಷ್ಟು ದೂರ ಕೆಸರು, ಅದರ ಮೇಲೆ ಹಕ್ಕಿಗಳ ಜಾತ್ರೆ. "ಕಿವಿಗೆ ಗಾಳಿ ಹೊಡೀತಿದೆ ನಿಮಗೆ, ಇರಿ, ಮಫ್ಲರ್ ತರ್ತೀನಿ" ಎಂದು, ಅವರಿಗೆ ನಿಜಕ್ಕೂ ಚಳಿಯಾಗುತ್ತಿದೆಯೇ ಎಂದು ಕೇಳುವ ಗೋಜಿಗೂ ಹೋಗದೆ, ಕಾಲುಗಂಟೆ ದೂರದ ನಮ್ಮ ಬಿಡಾರಕ್ಕೆ ನಡೆದೆ. ಮರಳಿ ಬರುವಾಗ ದೂರದಿಂದ ಕಂಡ ದೃಶ್ಯಕ್ಕೆ ನನ್ನ ಕಾಲೇ ನಿಂತುಹೋಯಿತು. ನಮ್ಮವರು ಮಾತಾಡುತ್ತಿದ್ದರು.

ಸುಮ್ಮನೆ ಒಂದೆರಡು ಮಾತಲ್ಲ. ಎರಡೂ ಕೈಯೆತ್ತಿ, ತಲೆಯಾಡಿಸಿ, ನಡುವೆ ನಕ್ಕು, ಮತ್ತೆ ಮುಂದುವರಿಸಿ. ಎದುರಿಗಿದ್ದವರು ದುರ್ಬೀನು ಹೂಡಿಕೊಂಡು ಹಕ್ಕಿ ನೋಡುತ್ತಿದ್ದ ಯಾನ್ ಎಂಬ ಮುದುಕರು. ನಾವು ಬಂದಿಳಿದ ದಿನ ಹಡಗುಕಟ್ಟೆಯಲ್ಲಿ ನಮಗೆ ದಾರಿ ತೋರಿಸಿದವರು. ನನಗೆ ಆದದ್ದನ್ನು ಮುಚ್ಚಿಡದೆ ಹೇಳುತ್ತೇನೆ, ಹೊಟ್ಟೆಕಿಚ್ಚು. ಇಪ್ಪತ್ತೇಳು ವರ್ಷದಲ್ಲಿ ನನಗೆ ಸಿಕ್ಕದ ವಾಗ್ಝರಿ, ಮೊನ್ನೆ ಕಂಡ ಈ ದುರ್ಬೀನಿನ ಮುದುಕರಿಗೆ ಪುಕ್ಕಟೆಯಾಗಿ ಹರಿಯುತ್ತಿದೆಯಲ್ಲ! ಸರಸರ ನಡೆದೆ. ಆ ದ್ವೀಪದ ಕಾಲುದಾರಿಗಳಿಗೆ ಪುಡಿಮಾಡಿದ ಕಪ್ಪೆಚಿಪ್ಪು ಹಾಸಿರುತ್ತಾರೆ. ಹೆಜ್ಜೆಯಿಟ್ಟರೆ ಚಕ್ಕುಲಿ ಮುರಿದಂತೆ ಕರಕರ ಸದ್ದು. ನನ್ನ ಗಾತ್ರಕ್ಕೆ ಆ ಸದ್ದು ಇನ್ನೂ ಒಂದು ಸುತ್ತು ಹೆಚ್ಚೇ. ನಮ್ಮವರ ಬೆನ್ನ ಹಿಂದೆ ಮೂರಡಿ ದೂರಕ್ಕೆ ಬಂದು ನಿಂತರೂ ಅವರು ತಿರುಗಲಿಲ್ಲ.

ಯಾನ್ ತಮ್ಮ ಒಂದು ಕಿವಿಯಿಂದ ಶ್ರವಣಯಂತ್ರ ತೆಗೆದು ಅಂಗೈಯಲ್ಲಿಟ್ಟು ತೋರಿಸುತ್ತಿದ್ದರು. ನಮ್ಮವರು ಅದನ್ನು ಬೆರಳಿಂದ ಮುಟ್ಟಿ ನೋಡುತ್ತಾ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಮಗೂ ಕಿವಿ ಮಂದವಾಗಿ ಹದಿನಾಲ್ಕು ತಿಂಗಳಾಯಿತಂತೆ. ಎರಡೂ ಕಿವಿ. ಬಲಗಿವಿ ಸ್ವಲ್ಪ ವಾಸಿ. ಪರೀಕ್ಷೆಗೆ ಒಬ್ಬರೇ ಹೋಗಿ ಬಂದಿದ್ದಾರಂತೆ. ಸದ್ದು ಅಳೆಯುವವನಿಗೇ ಸದ್ದು ಕೇಳಿಸದೆಂದರೆ ಆಫೀಸಿನಲ್ಲಿ ನಗುತ್ತಾರೆಂದು ಅಲ್ಲಿ ಹೇಳಿಲ್ಲವಂತೆ. ಆಮೇಲೆ, "ಮನೆಯಲ್ಲೂ ಹೇಳಿಲ್ಲ" ಎಂದರು.

ಯಾನ್ ತಲೆಯೆತ್ತಿ ನನ್ನನ್ನು ಕಂಡರು. ಅವರ ಮುಖ ನೋಡಿ ನಮ್ಮವರು ತಿರುಗಿದರು. ಆ ಮುದುಕರು ಒಳ್ಳೆಯವರು, ದುರ್ಬೀನನ್ನು ಹೆಗಲಿಗೇರಿಸಿ ಟೋಪಿ ಮುಟ್ಟಿ ಸದ್ದಿಲ್ಲದೆ ಹೊರಟುಹೋದರು.

ಇಂಥ ಹೊತ್ತಿನಲ್ಲಿ ಸತಿಯಾದವಳು ಕಣ್ಣೀರು ತುಂಬಿಕೊಂಡು ಕೈಹಿಡಿಯಬೇಕು. ನಾನು ಕೂಗಾಡಿದೆ. "ದಾರೀಲಿ ಹೋಗೋ ದಾಸಯ್ಯಂಗೆ ಹೇಳ್ತೀರಾ, ಕಟ್ಕೊಂಡ ಹೆಂಡ್ತಿಗೆ ಹೇಳೋಕಾಗಲ್ವಾ? ನಾನೇನು ಸತ್ತುಹೋಗಿದ್ನಾ?" ಎಂದು ಆ ನಿರ್ಜನ ಒಡ್ಡಿನ ಮೇಲೆ ಹಾರಾಡಿದೆ. ಇದೆಲ್ಲ ಅವರಿಗೆ ಸ್ಪಷ್ಟವಾಗಿ ಕೇಳಿಸಿತೆಂಬುದು ಅವರ ಮುಖದಲ್ಲೇ ತಿಳಿಯಿತು.

"ಹೇಳೋಕೆ ಬಂದಿದ್ದೆ ಕಣೇ," ಎಂದರು. "ಜುಲೈನಲ್ಲಿ. ಮೇಧಾನ ನೋಡೋಕೆ ಹೋಗ್ತಿದ್ವಲ್ಲ, ಕಲಮಜೂ ದಾಟಿದ್ಮೇಲೆ. 'ಈಚೆಗೆ ನನ್ನ ಕಿವಿ...' ಅಂತ ಶುರು ಮಾಡ್ದೆ. ನೀನು ಎಸಿ ಗಾಳಿ ಹೊಡೀತಿದೆ ಅಂತ ವೆಂಟ್ ತಿರುಗಿಸ್ಬಿಟ್ಟೆ."

ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ಅವರ ವಾಕ್ಯವನ್ನು ಎಂದಿನ ದಕ್ಷತೆಯಿಂದ ಮುಗಿಸಿಕೊಟ್ಟು, ವೆಂಟನ್ನು ಆಚೆ ತಿರುಗಿಸಿ, ಲಿಸ್ಲ್‌ನ ಎಕ್ಸಿಟ್ಟು ಬರುವವರೆಗೂ ಯಾರದೋ ಮಗಳ ಮದುವೆಯಲ್ಲಿ ಹೋಳಿಗೆ ಹಳಸಿದ ವೃತ್ತಾಂತ ಹೇಳಿದ್ದೆ. ಅವರು ಸ್ಟಿಯರಿಂಗ್ ಹಿಡಿದು ಉದ್ದಕ್ಕೂ ಹೂಂ, ಹೂಂ ಎಂದಿದ್ದರು. ಆ ಹೂಂಕಾರಗಳಲ್ಲಿ ಯಾವುದು ಕೇಳಿಸಿದ್ದಕ್ಕೆ, ಯಾವುದು ಕೇಳಿಸದ್ದಕ್ಕೆ?

ಅದನ್ನೇ ಕೇಳಿದೆ. ಅವರು ಸಂಕೋಚದಿಂದ ನಕ್ಕರು. "ಡಾಕ್ಟ್ರು ಹೇಳಿದ್ರು, ಗಂಡಸರ ದಪ್ಪ ದನಿ ಪರವಾಗಿಲ್ವಂತೆ. ಸಣ್ಣ ದನಿ ಮೊದಲು ಹೋಗತ್ತಂತೆ. ಹೆಂಗಸರದ್ದು, ಮಕ್ಕಳದ್ದು. ನೀನು ಮಾತಾಡೋದು ಗೊತ್ತಾಗತ್ತೆ, ಏನು ಅಂತ ಅರ್ಧ ಗೊತ್ತಾಗಲ್ಲ. ಈ ಪ್ರವಾಸಾನೇ ನೋಡು, ಹಾಲೆಂಡ್ ಅಂತ ಗೊತ್ತಿತ್ತು. ದ್ವೀಪ ಅಂತ ಹಡಗು ಹತ್ತಿದಾಗ್ಲೇ ಗೊತ್ತಾಗಿದ್ದು."

ನನಗೆ ಒಂದು ಕ್ಷಣ ನಗು ಬಂತು. ದ್ವೀಪದ ಬಗ್ಗೆ ತಿಂಗಳುಗಟ್ಟಲೆ ನಾನು ಮಾಡಿದ ಉಪನ್ಯಾಸವೆಲ್ಲ ಹಳದಿ ಗೋಡೆಗೆ ಹೇಳಿದಂತಾಗಿತ್ತು. ಮರುಕ್ಷಣವೇ ಅಳು ಬಂತು. ಜಗತ್ತಿನ ಸದ್ದುಗಳಲ್ಲಿ ಅವರ ಪಾಲಿಗೆ ಮೊದಲು ಆರಿಹೋಗುತ್ತಿರುವುದು ನನ್ನ ಸದ್ದು. ಅದನ್ನು ನನ್ನಿಂದ ಮುಚ್ಚಿಟ್ಟು, ನನಗೆ ನೋವಾಗದಿರಲೆಂದು ಹೂಂ ಎನ್ನುತ್ತಾ ಈ ಮನುಷ್ಯ ಹದಿನಾಲ್ಕು ತಿಂಗಳು ನನ್ನ ಎದುರಿಗೆ ಕೂತು ಅನ್ನ ಉಂಡಿದ್ದಾರೆ. ನಾನು ಅವರನ್ನು ಕೋಣ ಎಂದಿದ್ದೆ. ದೇವಸ್ಥಾನದ ಅಡುಗೆಮನೆಯಲ್ಲಿ ನಾಲ್ಕು ಜನರೆದುರು ಹೆಚ್ಚುಗಾರಿಕೆ ಮೆರೆದಿದ್ದೆ. ಅವರ ಬದನೆಕಾಯಿಯಿಂದ ಹಿಡಿದು ಚಳಿಯವರೆಗೆ ಎಲ್ಲಕ್ಕೂ ಉತ್ತರ ಗೊತ್ತಿದ್ದವಳಿಗೆ ಇದೊಂದು ಗೊತ್ತಿರಲಿಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ; ಪಕ್ಕದಲ್ಲಿದ್ದವರ ಗತಿ ಏನೆಂದು ಗಾದೆ ಕಟ್ಟಿದವರು ಹೇಳಿಲ್ಲ.

ಯಂತ್ರ ಯಾವಾಗ ಹಾಕಿಸುವುದು, ಯಾರ ಹತ್ತಿರ ಹೋಗುವುದು, ಇನ್ಶೂರೆನ್ಸು, ಮೇಧಾಗೆ ಹೇಗೆ ತಿಳಿಸುವುದು, ಆಫೀಸಿಗೆ ಏನು ಹೇಳುವುದು, ಒಂದಲ್ಲ ಹತ್ತು ವಾಕ್ಯ ಬಾಯಲ್ಲಿ ನೂಕುನುಗ್ಗಲು ನಡೆಸಿದವು. ಎಲ್ಲವನ್ನೂ ನುಂಗಿಕೊಂಡೆ. ಜೀವಮಾನದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿಲ್ಲ, ಹೆರಿಗೆಯನ್ನೂ ಸೇರಿಸಿ ಹೇಳುತ್ತಿದ್ದೇನೆ. ಅವರ ಬಲಗಡೆಗೆ ಬಂದು, ಮುಖಕ್ಕೆ ಮುಖ ಕೊಟ್ಟು, "ನೀವು ಹೇಳಿ" ಎಂದೆ.

ಅವರು ಕಾದರು. ನನ್ನ ಮುಂದಿನ ವಾಕ್ಯಕ್ಕೆ ಕಾಯುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅದು ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ, ಒಡ್ಡಿನ ಮೇಲೆ ಹಡಗುಕಟ್ಟೆಯ ಕಡೆಗೆ ನಡೆಯುತ್ತಾ ಅವರು ಶುರುಮಾಡಿದರು. ಮೀಟಿಂಗಿನಲ್ಲಿ ಎಲ್ಲರೂ ನಕ್ಕಾಗ ತಾವೂ ನಗುವುದು. ಔತಣದ ಮನೆಗಳಲ್ಲಿ ಯಾರೂ ಮಾತಾಡಿಸದಿರಲೆಂದು ಪುಸ್ತಕದ ಕಪಾಟಿನ ಮುಂದೆ ನಿಲ್ಲುವುದು. ಫೋನಿನಲ್ಲಿ ಮೇಧಾಳ ಮಾತು ಹಿಡಿಯಲಾಗದೆ, ಅವಳ ತುಟಿ ಕಾಣಲೆಂದು ವಿಡಿಯೋಗೇ ಕಾಯುವುದು. ನಿಧಾನವಾಗಿ, ಬಿಟ್ಟು ಬಿಟ್ಟು ಹೇಳಿದರು. ನಾನು ಏಳು ಸಲ ಬಾಯಿ ತೆರೆದು ಏಳು ಸಲವೂ ಮುಚ್ಚಿದೆ.

"ಭಯ ಅಂತ ಅಲ್ಲ," ಎಂದರು ಒಂದು ಕಡೆ ನಿಂತು. "ನಾಚಿಕೆ ಅಂತಾನೂ ಅಲ್ಲ. ಒಂಥರಾ..."

ಪದಕ್ಕೆ ತಡಕಾಡಿದರು. ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಮೂರು ಪದಗಳಿದ್ದವು: ಬೇಜಾರು, ಅವಮಾನ, ಮುಜುಗರ. ಮೂರರಲ್ಲಿ ಒಂದು ಸರಿಯಾದದ್ದೆಂದು ಆಣೆ ಮಾಡಿ ಹೇಳುತ್ತಿದ್ದೆ. ತುಟಿ ಕಚ್ಚಿ ಹಿಡಿದೆ. ಗಾಳಿ ಬೀಸಿತು, ಅವರು ಕೆಸರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಒಂಟಿ," ಎಂದರು. "ನೀನು ಪಕ್ಕದಲ್ಲೇ ಕೂತಿರ್ತೀಯ, ಮಾತಾಡ್ತಾನೇ ಇರ್ತೀಯ. ಆದ್ರೂ ಒಂಟಿ."

ನನ್ನ ಮೂರು ಪದಗಳಲ್ಲಿ ಅದು ಇರಲೇ ಇಲ್ಲ.