ಆ ಜಾತಕ ತೆರೆದವಳು ನಾನು

ಡಾಕ್ಟರ್ ಅಂಕಲ್, ನಿಮ್ಮ ಕ್ಲಿನಿಕ್ಕಿನ ಕಂಪ್ಯೂಟರಿಗೆ ವೈರಸ್ ತಂದವಳು ನಾನು. ನೀವಲ್ಲ. ನೀವು ಏನನ್ನೂ ಒತ್ತಲಿಲ್ಲ, ಏನನ್ನೂ ಮರೆತಿರಲಿಲ್ಲ. ಇಷ್ಟು ಹೇಳಲು ನನಗೆ ಮೂರು ವರ್ಷ ಬೇಕಾಯಿತು — ನಾಚಿಕೆಯಾಗುತ್ತದೆ.

ಆಗ ನನ್ನ ತಂಗಿಗೆ ಗಂಡು ಹುಡುಕುತ್ತಿದ್ದೆವು. ಇಲ್ಲಿ ಅಮೆರಿಕದ ಕನ್ನಡಿಗರ ಮೇಲ್ ಗುಂಪಿಗೆ ಅವಳ ವಿವರ ಹಾಕಿದ್ದೆ. ಆಲ್ಡಿ, ಷಾರ್ಲೆಟ್ಟಿನಂಥ ದೂರದ ಊರುಗಳಿಂದ, ಮುಖ ನೋಡಿರದವರಿಂದೆಲ್ಲ ಜಾತಕ ಬರುತ್ತಿದ್ದವು. ಒಳ್ಳೆಯ ಪ್ರಿಂಟರ್ ಇದ್ದದ್ದು ನಿಮ್ಮ ಕೋಣೆಯಲ್ಲಿ. ನೀವು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದಾಗ ನಿಮ್ಮ ಕುರ್ಚಿಯಲ್ಲಿ ಕೂತು ನನ್ನ ಮೇಲ್ ತೆರೆದೆ. 'ಹುಡುಗನ ಜಾತಕ ಲಗತ್ತಿಸಿದೆ' ಎಂದಿತ್ತು. ಕಳಿಸಿದವರು ಯಾರೋ ಗೊತ್ತಿಲ್ಲ — ಗಂಡು ಹುಡುಕುವಾಗ ಗೊತ್ತಿದ್ದವರೇ ಬರೆಯುತ್ತಾರೆಯೇ? ಫೈಲು ಏನೋ ಅನುಮತಿ ಕೇಳಿತು, ಕೊಟ್ಟೆ. ಖಾಲಿ ಪುಟ ಬಂತು. ಒಂದು ಜಾತಕ ಕಳಿಸಲೂ ಬಾರದ ಜನ ಎಂದು ಬೈದುಕೊಂಡು ಮುಚ್ಚಿದೆ.

ಆ ಪರದೆಯ ಅಂಚಿನಲ್ಲೇ ಒಂದು ಹಳದಿ ಚೀಟಿ ಇತ್ತು. ಗೊತ್ತಿಲ್ಲದವರ ಅಟ್ಯಾಚ್‌ಮೆಂಟ್ ತೆರೆಯಬೇಡಿ, ಅನುಮಾನ ಬಂದರೆ ಫೋನ್ ಮಾಡಿ ಕೇಳಿ ಎಂದು ನಾನೇ ಬರೆದು ಅಂಟಿಸಿದ್ದೆ. ನಿಮಗಾಗಿ! ಆಫೀಸು ನೋಡಿಕೊಳ್ಳುವ ಜಾಣೆ ನಾನು, ನನಗೇಕೆ ಚೀಟಿ? ದಿನವೂ ನಕಲು ತೆಗೆದ ಮೇಲೆ ಬ್ಯಾಕಪ್ ಡಿಸ್ಕನ್ನು ಕಿತ್ತಿಡಬೇಕಾದವಳೂ ನಾನೇ. ಸೋಮಾರಿತನದಿಂದ ವಾರಗಟ್ಟಲೆ ಅದನ್ನು ಸಿಕ್ಕಿಸಿಯೇ ಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಒಂದು ಫೈಲೂ ತೆರೆಯಲಿಲ್ಲ. ಬೀಗ ತೆಗೆಯಲು ಹಣ ಕೇಳುವ ಒಂದು ಸಂದೇಶ ಮಾತ್ರ. ಈ ಸುವಾನಿ ಊರಿನಲ್ಲಿ ನೀವು ಮೂವತ್ತು ವರ್ಷ ನೋಡಿದ ರೋಗಿಗಳ ದಾಖಲೆ, ನಾನು ಸಿಕ್ಕಿಸಿಯೇ ಬಿಟ್ಟಿದ್ದ ಡಿಸ್ಕಿನಲ್ಲಿದ್ದ ಅದರ ನಕಲು, ಎರಡೂ ಹೋಗಿದ್ದವು. ರಿಪೇರಿಗೆ ಬಂದವನು ನಿಮ್ಮ ಕಂಪ್ಯೂಟರ್ ತೋರಿಸಿ, ಶುರುವಾದದ್ದು ಇಲ್ಲಿಂದಲೇ ಎಂದ. ಅಷ್ಟರಲ್ಲಿ ನಾನು ಆ ಮೇಲನ್ನು ಅಳಿಸಿಯಾಗಿತ್ತು.

ನೀವು ಕನ್ನಡಕ ತೆಗೆದು ಕೇಳಿದಿರಿ — "ನಾನೇ ಏನಾದ್ರೂ ಓಪನ್ ಮಾಡಿದ್ನೇನಮ್ಮ, ರೇವತಿ? ನಂಗೆ ನೆನಪೇ ಆಗ್ತಿಲ್ಲ."

ಬಾಗಿಲಲ್ಲಿ ಆಂಟಿ ನಿಂತಿದ್ದರು. ಆ ಕ್ಷಣ ನಾನು ಬಾಯಿಬಿಟ್ಟಿದ್ದರೆ... ಬಿಟ್ಟೆ, ಆದರೆ ಹೇಳಿದ್ದು ಇದು:

"ಇರಬಹುದು ಅಂಕಲ್. ವಯಸ್ಸಾಯ್ತಲ್ಲ, ಆಗತ್ತೆ ಬಿಡಿ."

ನೀವು ನಂಬಿದಿರಿ. ಒಬ್ಬೊಬ್ಬ ರೋಗಿಗೂ ಫೋನ್ ಮಾಡಿ, ನನ್ನ ತಪ್ಪಿನಿಂದ ಹೀಗಾಯಿತು, ಕ್ಷಮಿಸಿ ಎಂದಿರಿ. ಹಳೆಯ ಅಪಾಯಿಂಟ್‌ಮೆಂಟ್ ಪುಸ್ತಕಗಳಿಂದ ಅವರ ನಂಬರುಗಳನ್ನು ಹುಡುಕಿ ಕೊಟ್ಟವಳು ನಾನು. ಪಕ್ಕದಲ್ಲೇ ಕೂತಿದ್ದೆ. ನೆನಪಿನ ಪರೀಕ್ಷೆ ಮಾಡಿಸಿಕೊಂಡಿರಿ. ಎಲ್ಲ ಸರಿ ಇದೆ ಎಂದರು. ನಿಮಗೆ ಸಮಾಧಾನವಾಗಲಿಲ್ಲ. ನೆನಪಿಲ್ಲದೆ ಫೈಲು ತೆರೆದವನು ನೆನಪಿಲ್ಲದೆ ಮಾತ್ರೆ ಬದಲಿಸಿ ಬರೆದರೆ ಎಂದು ಹೆದರಿ, ನಾಲ್ಕೇ ತಿಂಗಳಲ್ಲಿ ಕ್ಲಿನಿಕ್ ಮುಚ್ಚಿದಿರಿ. ಕಾರು ಓಡಿಸುವುದನ್ನೂ ಬಿಟ್ಟಿರಿ. ಮುಚ್ಚುವಾಗ ಹತ್ತಿರದ ಊರು ಅಲ್ಫರೆಟಾದ ನಿಮ್ಮ ಸ್ನೇಹಿತರೊಬ್ಬರಿಗೆ ಹೇಳಿ ನನಗೆ ಕೆಲಸವನ್ನೂ ಕೊಡಿಸಿದಿರಿ. ನಾನು ಅದನ್ನು ತೆಗೆದುಕೊಂಡೆ, ಅಂಕಲ್.

ವರ್ಷಗಟ್ಟಲೆ ಕಾದು ಸಿಕ್ಕ ಕೆಲಸ, ಕಳೆದುಕೊಳ್ಳುವ ಭಯವಿತ್ತು — ಎಂದು ಬರೆದು ಹೊಡೆದುಹಾಕಿದ್ದೇನೆ. ಭಯ ಒಂದು ದಿನಕ್ಕೆ ಸರಿ. ಮೂರು ವರ್ಷಕ್ಕೆ ಬೇರೆ ಹೆಸರಿದೆ.

ಕಳೆದ ವಾರ ನಿಮ್ಮ ಫೋನ್ ಬಂತು. "ರೇವತಿ, ಮಗಳು ಏನೋ ಕಳ್ಸಿದಾಳೆ. ಮೊಮ್ಮಗಂದು ಫೋಟೋ ಅಂತೆ. ಓಪನ್ ಮಾಡ್ಲೇನಮ್ಮ?"

ಮಾಡಿ ಅಂಕಲ್ ಎಂದೆ. ನೀವು ಮತ್ತೆ ಕೇಳಿದಿರಿ. ಮತ್ತೆ ಮಾಡಿ ಎಂದೆ. ಕೊನೆಗೆ, "ಬೇಡ ಬಿಡು, ನಿಮ್ ಆಂಟಿ ಬರ್ಲಿ" ಎಂದು ಇಟ್ಟುಬಿಟ್ಟಿರಿ. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅತ್ತು ಏನು ಪ್ರಯೋಜನ?

ಶನಿವಾರ ಬೆಳಿಗ್ಗೆ ನಿಮ್ಮ ಮನೆಗೆ ಬಂದು ಇದನ್ನು ಓದುತ್ತೇನೆ. ಆಂಟಿಯನ್ನೂ ಕೂರಿಸಿಕೊಳ್ಳಿ. ನಿಮ್ಮ ತಲೆ ಸರಿಯಾಗಿಯೇ ಇತ್ತೆಂದು ಅವರೂ ಕೇಳಬೇಕು. ಕೇಳಿದ ಮೇಲೆ ನೀವು ಎದ್ದು ಹೋಗು ಎಂದರೆ, ಹೋಗುತ್ತೇನೆ.